ಸೋಮವಾರದ ಇಬ್ಬನಿ

ಹೊತ್ತು ಮುಳುಗುತ್ತಿದ್ದಂತೆ ಹುಲ್ಲಿನ ಬಣ್ಣ ಬದಲಾಯಿತು. ಹಗಲೆಲ್ಲ ಹಸಿರಾಗಿದ್ದ ಮೈದಾನದ ಮೇಲೆ ಯಾರೋ ತೆಳ್ಳಗೆ ಬೂದಿ ಉದುರಿಸಿದಂತೆ ಮಂಕು ಬಿಳುಪೊಂದು ಹರಡಿಕೊಂಡಿತು. ರೆಸಾರ್ಟಿನ ಅತಿಥಿಗಳು ಚಹಾದ ಕಪ್ಪು ಹಿಡಿದು ಜಗಲಿಗೆ ಬಂದು ಅದನ್ನು ನೋಡುತ್ತ ನಿಂತರು. ಬೆಳಿಗ್ಗೆ ಎದ್ದು ಬಂದವರಿಗೆ ಇನ್ನೊಂದು ನೋಟ ಕಾದಿತ್ತು: ಹದಿನೆಂಟು ಕುಳಿಗಳ ಅಷ್ಟೂ ಗಾಲ್ಫ್ ಮೈದಾನ ತೊಯ್ದು ತೊಟ್ಟಿಕ್ಕುತ್ತಿತ್ತು. ಮಳೆ ನಿಂತು ತಿಂಗಳುಗಳಾಗಿದ್ದವು. ನೆಲದಡಿ ಒಂದು ಪೈಪೂ ಇರಲಿಲ್ಲ, ಸುತ್ತ ಎಲ್ಲಿಯೂ ಒಂದು ಕೊಳವೆಬಾವಿಯೂ ಇರಲಿಲ್ಲ. ಹುಲ್ಲು ರಾತ್ರಿಯೆಲ್ಲ ಗಾಳಿಯಿಂದಲೇ ನೀರು ಕುಡಿದಿತ್ತು.

ಈ ಹುಲ್ಲನ್ನು ರೂಪಿಸಿದವಳು ಡಾ. ಇಂಚರಾ ಹೊಂಬಳ. ಗದಗಿನವಳೇ, ಸಸ್ಯಗಳ ಒಡಲಿನ ವ್ಯವಹಾರ ಓದಿದವಳು. ಮೂಲದಲ್ಲಿ ಅದು ಗರಿಕೆ. ಗಣಪತಿಯ ತಲೆಯ ಮೇಲೆ ಏರಿಸುವ, ಗದಗಿನ ಕಡೆ ಕರಕಿ ಎನ್ನುವ ಅದೇ ಹುಲ್ಲು. ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲೆಲ್ಲ ಹಾಸುವುದು ಅದರ ಅಣ್ಣತಮ್ಮಂದಿರನ್ನೇ ಎಂಬುದು ಪೂಜೆ ಮಾಡುವವರಿಗೂ ಗೊತ್ತಿರುವುದಿಲ್ಲ, ಗಾಲ್ಫ್ ಆಡುವವರಿಗೂ ಗೊತ್ತಿರುವುದಿಲ್ಲ. ಗರಿಕೆಯ ಎಲೆಯ ಮೇಲೆ ಉಪ್ಪಿನ ಗ್ರಂಥಿಗಳಿರುತ್ತವೆ. ಬೇರು ಹೀರಿದ ಹೆಚ್ಚಿನ ಉಪ್ಪನ್ನು ಹೊರಗೆ ಹಾಕುವ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳು ಅವು. ಇಂಚರಾ ಅವನ್ನೆಲ್ಲ ಎಲೆಯ ತುದಿಗೆ ಗುಂಪುಗೂಡಿಸಿ, ತೇವವನ್ನು ಎಳೆದುಕೊಳ್ಳುವ ಒಂದು ಬಗೆಯ ಉಪ್ಪನ್ನು ಸಂಜೆ ಹೊತ್ತಿಗೆ ಹೊರಸೂಸುವಂತೆ ಮಾಡಿದ್ದಳು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಅದೇ ಕೆಲಸ. ಹನಿಗಟ್ಟಿದ ನೀರು ಎಲೆಯ ಗೆರೆಗಳಲ್ಲಿ ಇಳಿದು ಬೇರಿಗೆ ಸೇರುತ್ತಿತ್ತು. ಬಿಸಿಲೇರುವ ಮೊದಲು ಎಲೆ ತನ್ನ ಉಪ್ಪನ್ನು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು.

ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕ ಅದು. ಒಂದು ಗಾಲ್ಫ್ ಮೈದಾನ ಒಂದು ಸಣ್ಣ ಪಟ್ಟಣದಷ್ಟು ನೀರು ಕುಡಿಯುತ್ತದೆ ಎಂಬ ಕಾರಣಕ್ಕೆ ಹೊಸ ಮೈದಾನಗಳಿಗೆ ಅನುಮತಿ ಸಿಗುವುದೇ ನಿಂತುಹೋಗಿತ್ತು. ಅಂಥ ಕಾಲದಲ್ಲಿ ಕಪ್ಪತಗುಡ್ಡದ ಮಗ್ಗುಲಿನ ಒಣ ಇಳಿಜಾರಿನಲ್ಲಿ ಯರೇಹಾಳ ಹಳ್ಳಿಯ ರೆಸಾರ್ಟು ಎದ್ದು ನಿಂತಿತು. ಮೊದಲ ಕುಳಿಯ ಹತ್ತಿರ ಒಂದು ಕರಿಕಲ್ಲು ನೆಟ್ಟು, ಅದರ ಮೇಲೆ ಇಂಚರಾಳ ಒಂದು ಮಾತನ್ನು ಕೆತ್ತಿಸಿದ್ದರು: ‘ಈ ಹುಲ್ಲು ಯಾರ ಪಾಲಿನ ನೀರನ್ನೂ ಕುಡಿಯುವುದಿಲ್ಲ.’ ಹದಿನೈದು ವರ್ಷ ಪ್ರಯೋಗಶಾಲೆಯಲ್ಲಿ ಕೂತು ಅವಳು ಸಂಪಾದಿಸಿದ್ದು ಆ ಒಂದು ಸಾಲನ್ನು. ಮೈದಾನಕ್ಕೆ ಬಂದಾಗಲೆಲ್ಲ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳು ಅದನ್ನು ಒಮ್ಮೆ ಓದಿಕೊಳ್ಳುತ್ತಿದ್ದಳು.

ಮೈದಾನದ ವಿನ್ಯಾಸ ಚೆಂಗಪ್ಪನವರದು. ಕೊಡಗಿನವರು, ಅರವತ್ತು ದಾಟಿದವರು, ಕಡಿಮೆ ಮಾತು. ರೆಸಾರ್ಟಿನ ಮೈದಾನ ಮಾಡುವುದು ಪಂದ್ಯದ ಮೈದಾನ ಮಾಡುವುದಕ್ಕಿಂತ ಕಷ್ಟ ಎಂದು ಅವರು ಹೇಳುತ್ತಿದ್ದರು. ಪಂದ್ಯಕ್ಕೆ ಬರುವವನಿಗೆ ಆಟ ಬರುತ್ತದೆ. ಅವನನ್ನು ಎಷ್ಟು ಬೇಕಾದರೂ ಕಾಡಬಹುದು. ರೆಸಾರ್ಟಿಗೆ ಬರುವವರಲ್ಲಿ ಅರ್ಧ ಜನ ಕೋಲನ್ನು ಹಿಂದಿನ ದಿನವಷ್ಟೇ ಹಿಡಿದವರು. ಅವರನ್ನು ಸೋಲಿಸಬೇಕು, ಆದರೆ ಅವಮಾನ ಮಾಡಬಾರದು. ಆದ್ದರಿಂದ ಚೆಂಡು ಹೊಡೆಯುವ ದಾರಿಗಳನ್ನು, ಅಂದರೆ ಫೇರ್‌ವೇಗಳನ್ನು, ಅವರು ಅಗಲವಾಗಿ ಬಿಟ್ಟಿದ್ದರು. ಮರಳಿನ ಹೊಂಡಗಳನ್ನು ಕಣ್ಣಿಗೆ ಹೆದರಿಕೆಯಾಗುವ, ಆದರೆ ಚೆಂಡು ತಲುಪದ ಜಾಗದಲ್ಲಿ ತೋಡಿಸಿದ್ದರು. ಮೇಲಿನ ಕುಳಿಗಳೆಲ್ಲ ಕೆಂಪು ಮಸಾರಿ ನೆಲದಲ್ಲಿ, ಅಲ್ಲಿ ಚಿಂತೆಯಿರಲಿಲ್ಲ. ಕೆಳಗಿನ ನಾಲ್ಕು ಕುಳಿಗಳು ಕಪ್ಪು ಎರೆಮಣ್ಣಿನಲ್ಲಿ. ಬೇಸಿಗೆಯಲ್ಲಿ ಎರೆ ಬಿರಿದು ಬಾಯಿ ಬಿಟ್ಟಿತೆಂದರೆ ಚೆಂಡಷ್ಟೇ ಅಲ್ಲ, ಚೆಂಡು ಹುಡುಕಲು ಹೋದವನ ಮೊಣಕಾಲೂ ಒಳಗೆ ಹೋಗುತ್ತದೆ. ಅಲ್ಲಿ ಮೊದಲ ವರ್ಷ ಹುಲ್ಲು ಬೇರೂರುವ ತನಕ ಅವರಿಗೆ ನಿದ್ದೆಯಿರಲಿಲ್ಲ.

ಮೈದಾನದ ಅಂಚುಗಳಿಗೆ ಅವರು ಕುಸುಬೆ ಬಿತ್ತಿಸಿದ್ದರು. ಆ ಕಡೆಯ ರೈತರು ದನ ನುಗ್ಗದಂತೆ ಹೊಲದ ಸುತ್ತ ಹಾಕುವ ಮುಳ್ಳು ಬೆಳೆ. ಅಡ್ಡಾದಿಡ್ಡಿ ಹೊಡೆದವನ ಚೆಂಡು ಅದರಲ್ಲಿ ಬಿದ್ದರೆ ಒಮ್ಮೆ ಕೈ ಹಾಕಿ ನೋಡುತ್ತಿದ್ದ, ಎರಡನೆಯ ಸಲ ಹಾಕುತ್ತಿರಲಿಲ್ಲ. ದಿನದ ಆಟ ಮುಗಿಸಿ ಬಂದವರಿಗೆ ಸಣ್ಣ ಲೋಟದಲ್ಲಿ ಒಂದು ಪಾನೀಯ ಕೊಡುತ್ತಿದ್ದರು: ಬೆಲ್ಲದ ನೀರಿಗೆ ನಾಲ್ಕು ಹನಿ ಕಡಲೆಯ ಹುಳಿ. ಆ ಹುಳಿಯ ಸಲುವಾಗಿಯೇ ಕೆಲವರು ಇನ್ನೊಂದು ಲೋಟ ಕೇಳುತ್ತಿದ್ದರು.

ಕಡಲೆ ಹುಳಿಯನ್ನು ಮಾಡುವುದಲ್ಲ, ಹಿಂಡುವುದು. ಕಡಲೆ ಗಿಡದ ಎಲೆ, ಹೂವು, ಕಾಯಿಗಳ ಮೇಲೆ ಹುಳಿಯಾದ ಒಂದು ದ್ರವ ಒಸರುತ್ತದೆ. ಚಳಿಗಾಲದ ಸಂಜೆ ತೆಳುವಾದ ಬಿಳಿ ಅರಿವೆಯನ್ನು ಗಿಡಗಳ ಮೇಲೆ ಹಾಸಿ ಬರುತ್ತಾರೆ. ರಾತ್ರಿ ಇಬ್ಬನಿ ಬಿದ್ದು, ಹುಳಿಯನ್ನು ಕರಗಿಸಿಕೊಂಡು ಅರಿವೆಗೆ ಇಂಗುತ್ತದೆ. ಬೆಳಿಗ್ಗೆ ಅರಿವೆ ಹಿಂಡಿದರೆ ಹುಳಿ. ಹೊಟ್ಟೆನೋವಿಗೆ ಅದಕ್ಕಿಂತ ಮದ್ದಿಲ್ಲ ಎಂದು ಗದಗ ಸೀಮೆಯಲ್ಲಿ ಇವತ್ತಿಗೂ ಬಾಟಲಿಯಲ್ಲಿ ತುಂಬಿಟ್ಟುಕೊಳ್ಳುವವರಿದ್ದಾರೆ.

ರೆಸಾರ್ಟಿಗೆ ಹುಳಿ ಕೊಡುತ್ತಿದ್ದವಳು ಯರೇಹಾಳದ ನಿಂಬೆವ್ವ. ಶಾಲೆಯ ದಾಖಲೆಯಲ್ಲಿ ಅವಳ ಹೆಸರು ನಿವೇದಿತಾ. ಆ ಹೆಸರಿನಿಂದ ಅವಳನ್ನು ಕರೆದವರು ಬ್ಯಾಂಕಿನವರು ಮಾತ್ರ. ಮೈದಾನದ ಕೆಳಗಂಚಿಗೆ ತಾಗಿ ಅವಳ ಎರೆಹೊಲ. ಮುಂಗಾರಿನ ಕೊನೆಯ ಹಸಿಯಲ್ಲಿ ಕಡಲೆ ಬಿತ್ತಿದರೆ ಆಯಿತು, ಆಮೇಲೆ ಅದಕ್ಕೆ ಯಾರೂ ನೀರು ಹಾಯಿಸುವುದಿಲ್ಲ. ನೆಲದೊಳಗಿನ ತೇವ, ಮೇಲಿನಿಂದ ಇಬ್ಬನಿ, ಇವೆರಡರ ಮೇಲೆಯೇ ಬೆಳೆ ಕೈಗೆ ಬರಬೇಕು. ನಿಂಬೆವ್ವನಿಗೆ ಯಾರ ಹಂಗೂ ಇರಲಿಲ್ಲ, ಯಾರ ಅಂಜಿಕೆಯೂ ಇರಲಿಲ್ಲ. ಕಡಲೆಯನ್ನು ಮಾತ್ರ ಅವಳು ಮನೆಯ ಮಗಳಂತೆ ನೋಡಿಕೊಳ್ಳುತ್ತಿದ್ದಳು.

ಆ ವರ್ಷ ಮೈದಾನದ ಹುಲ್ಲು ಪೂರ್ತಿ ಹರಡಿ, ಅತಿಥಿಗಳು ಬರತೊಡಗಿದ ಮೊದಲ ಚಳಿಗಾಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಊಟ ಮಾಡಿ, ಊರಿನವರು ಮನೆಗೆ ಬಂದರೂ ನಿಂಬೆವ್ವನ ಮುಖ ಅರಳಿರಲಿಲ್ಲ. ಅರಿವೆ ಒಣಗಿದ್ದು ಒಣಗಿದಂತೆಯೇ ಏಳುತ್ತಿತ್ತು. ಗಿಡದಲ್ಲಿ ಹೂವು ಕಟ್ಟುವ ಹೊತ್ತು ಅದು. ಕೆಳಗೆ ಉದುರಿದ ಹೂವೇ ಹೆಚ್ಚಾಗಿತ್ತು. ಒಂದು ಬೆಳಿಗ್ಗೆ ಅವಳು ರೆಸಾರ್ಟಿನ ಅಡುಗೆಮನೆಗೆ ಬಂದು, ಇನ್ನು ಮೇಲೆ ಹುಳಿ ಸೋಮವಾರ ಮಾತ್ರ ಸಿಗುತ್ತದೆ, ಬೇರೆ ದಿನ ಕೇಳಬೇಡಿ ಎಂದಳು. ಸೋಮವಾರವೇ ಯಾಕೆ ಎಂದು ಅಡುಗೆಯವರು ಕೇಳಿದರು. ಸೋಮವಾರ ಮಾತ್ರ ಇಬ್ಬನಿ ಬೀಳುತ್ತದೆ, ಅದಕ್ಕೆ ಎಂದಳು. ಅಡುಗೆಯವರು ನಕ್ಕುಬಿಟ್ಟರು. ಆಕೆ ನಗಲಿಲ್ಲ.

“ನಿಮ್ಮ ಸಾಹೇಬ್ರಿಗೆ ಹೇಳ್ರಿ,” ಎಂದಳು ಹೊರಡುತ್ತ, “ಹೊಟ್ಟಿನೋವು ಬರೂದಿದ್ರ ಸೋಮವಾರ ಬರ್ಲಿ ಅಂತ.”

ಇಂಚರಾ ಅಲ್ಲೇ ಮೂಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು, ನಿಂಬೆವ್ವನ ಹಿಂದೆಯೇ ಹೊಲದ ತನಕ ನಡೆದಳು. ಅನುಮಾನದಿಂದ ಅಲ್ಲ, ಕುತೂಹಲದಿಂದ. ವಾರಕ್ಕೆ ಒಂದು ದಿನ ಬೀಳುವ ಇಬ್ಬನಿಯ ಸುದ್ದಿಯನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಊರಿನಲ್ಲಿ ಅದಕ್ಕೆ ಕಾರಣ ಆಗಲೇ ಸಿದ್ಧವಾಗಿತ್ತು. ಆ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ರಜೆ. ಈಗ ಊರಿನಲ್ಲಿ ಎತ್ತುಗಳೇ ಇಲ್ಲವೆಂದರೆ ಇಲ್ಲ, ಎಲ್ಲ ಕರೆಂಟಿನ ಟ್ರ್ಯಾಕ್ಟರು. ಆದರೆ ಎತ್ತು ಹೋದರೂ ಸೋಮವಾರ ಉಳಿದಿತ್ತು. ಆ ದಿನ ಟ್ರ್ಯಾಕ್ಟರನ್ನೂ ಯಾರೂ ಹೊಲಕ್ಕೆ ಇಳಿಸುತ್ತಿರಲಿಲ್ಲ. ಪದ್ಧತಿ ಬಿಡದ್ದಕ್ಕೆ ಬಸವಣ್ಣ ಆ ಒಂದು ದಿನವಾದರೂ ಕಣ್ಣು ತೆರೆದಿದ್ದಾನೆ ಎಂದು ಹಿರಿಯರು ಹೇಳಿದರು. ಹಾಗಾದರೆ ಗುರುವಾರವೂ ಬಿಡೋಣ, ಶನಿವಾರವೂ ಬಿಡೋಣ ಎಂದು ಕೆಲವರು ಬಿಟ್ಟು ನೋಡಿದರು. ಗುರುವಾರವೂ ಅರಿವೆ ಒಣ, ಶನಿವಾರವೂ ಒಣ. ಕೆಲಸ ಮಾತ್ರ ಹಿಂದೆ ಬಿತ್ತು.

ಇಂಚರಾ ಅವರ ಮಾತನ್ನು ತಳ್ಳಿಹಾಕಲಿಲ್ಲ. ಗಾಳಿಗೆ ವಾರ ಗೊತ್ತಿಲ್ಲ, ಮೋಡಕ್ಕೆ ಗೊತ್ತಿಲ್ಲ, ಚಳಿಗೂ ಗೊತ್ತಿಲ್ಲ. ವಾರವೆಂಬುದು ಗೊತ್ತಿರುವುದು ಮನುಷ್ಯರಿಗೆ ಮಾತ್ರ. ಅಂದಮೇಲೆ ವಾರಕ್ಕೊಮ್ಮೆ ಆಗುವ ಈ ಸಂಗತಿಯನ್ನು ಯಾವುದೋ ಮನುಷ್ಯನ ಕೈ ಮಾಡುತ್ತಿರಬೇಕು. ಯಾವ ಕೈ? ವಾರಾಂತ್ಯದ ಅತಿಥಿಗಳು ಭಾನುವಾರ ಸಂಜೆ ಹೊರಟುಹೋಗುತ್ತಾರೆ. ರೆಸಾರ್ಟಿನ ದೀಪ, ತಂಪುಯಂತ್ರಗಳ ಬಿಸಿಗಾಳಿ ಕಡಿಮೆಯಾಗುತ್ತದೆ. ಅದಿರಬಹುದೆ? ನಡುವಾರದ ಒಂದು ರಾತ್ರಿ ವ್ಯವಸ್ಥಾಪಕರನ್ನು ಕಾಡಿ ಬೇಡಿ ಅವನ್ನೆಲ್ಲ ಆರಿಸಿದಳು. ಅತಿಥಿಗಳು ಕತ್ತಲೆಯೆಂದು ಗೊಣಗಿದರು, ಬೆಳಿಗ್ಗೆ ಅರಿವೆ ಗರಿಗರಿ ಒಣಗಿತ್ತು.

ತನ್ನ ಹುಲ್ಲಿನ ಮೇಲೆ ಅವಳಿಗೆ ಸಂಶಯ ಬರಲಿಲ್ಲವೆ? ಬಂದಿತ್ತು. ಇಳಿಜಾರಿನಲ್ಲಿ ರಾತ್ರಿಯ ತಂಪುಗಾಳಿ ನೀರಿನಂತೆಯೇ ಕೆಳಗೆ ಹರಿಯುತ್ತದೆ. ಮೇಲೆ ಹುಲ್ಲು ಆ ಗಾಳಿಯ ತೇವ ತೆಗೆದುಕೊಂಡರೆ ಕೆಳಗಿನ ಹೊಲಕ್ಕೆ ಒಣಗಾಳಿ ಇಳಿಯಬಹುದು. ಆದರೆ ಹುಲ್ಲು ದಿನಾಲೂ ಕುಡಿಯುತ್ತದೆ. ಸೋಮವಾರ ಉಪವಾಸ ಮಾಡುವ ಹುಲ್ಲನ್ನು ತಾನು ಮಾಡಿಲ್ಲ. ಈ ಒಂದು ಕಾರಣಕ್ಕೆ ಅವಳು ಹುಲ್ಲನ್ನು ಆರೋಪದಿಂದ ಬಿಟ್ಟುಬಿಟ್ಟಿದ್ದಳು. ಬಿಟ್ಟದ್ದಕ್ಕೆ ಒಳಗೊಳಗೇ ಸಮಾಧಾನವೂ ಆಗಿತ್ತು ಎನ್ನಬೇಕು.

ಸಾಮಾನ್ಯವಾಗಿ ಭಾನುವಾರ ಅವಳು ಗದಗಿನ ಮನೆಗೆ ಹೋಗಿಬಿಡುತ್ತಿದ್ದಳು. ಆ ವಾರ ಹೋಗಲಿಲ್ಲ. ಸಂಜೆ ಚೆಂಗಪ್ಪನವರ ಜೊತೆ ಮೈದಾನದಲ್ಲಿ ಅಡ್ಡಾಡುವಾಗ ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು ಕೇಳಿಸಿತು. ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವುದು ನಸುಕಿನಲ್ಲಿ, ಮೊದಲ ಆಟಗಾರ ಬರುವ ಮೊದಲು. ಎಲ್ಲ ಕಡೆ ಅದೇ ರೂಢಿ. ಸಂಜೆ ಯಾಕೆ ಎಂದು ಅವಳು ಕೇಳಿದಳು. ಚೆಂಗಪ್ಪನವರಿಗೂ ಗೊತ್ತಿರಲಿಲ್ಲ. ಆಗ ಅವಳ ಕಣ್ಣು ನೆಲದ ಮೇಲೆ ಹೋಯಿತು. ಹೊತ್ತು ಮುಳುಗಿತ್ತು, ಹುಲ್ಲು ಇನ್ನೂ ಹಸಿರಾಗಿಯೇ ಇತ್ತು. ಎಲ್ಲಿಯೂ ಬೂದಿಯ ಬಣ್ಣ ಬಂದಿರಲಿಲ್ಲ.

ಯಂತ್ರಗಳ ಉಸ್ತುವಾರಿ ಮಾಬೂಸಾಬ ನದಾಫನದು. ಯರೇಹಾಳದವನೇ, ಮೂವತ್ತರ ವಯಸ್ಸು. ಅವು ತಾವೇ ಓಡಾಡುವ ಯಂತ್ರಗಳು. ಹೊತ್ತು ಗೊತ್ತುಮಾಡಿ ಬಿಟ್ಟರೆ ಸಾಕು. ಎರಡರ ಬಣ್ಣ ನೋಡಿ ಅವನು ಎತ್ತಿಗೆ ಇಟ್ಟಂತೆ ಕೆಂದ, ಮಾಸ ಎಂದು ಹೆಸರಿಟ್ಟಿದ್ದ. ಇಂಚರಾ ಕರೆದು ಕೇಳಿದಾಗ ಅವನು ಮೊದಲು ನೆಲ ನೋಡಿದ. ಕೆಲಸ ಹೋಗುತ್ತದೆ ಎಂದೇ ತಿಳಿದಿದ್ದ. ಆಮೇಲೆ ಎಲ್ಲ ಹೇಳಿದ. ಮೈದಾನ ಶುರುವಾದಾಗಿನಿಂದಲೂ ಸೋಮವಾರದ ನಸುಕಿನ ಕೆಲಸವನ್ನು ಅವನು ಭಾನುವಾರ ಸಂಜೆಯೇ ಮುಗಿಸಿಬಿಡುತ್ತಿದ್ದ, ಮೇಲಿನವರಿಗೆ ತಿಳಿಸಿರಲಿಲ್ಲ.

“ಸೋಮವಾರ ಗಳೇ ಹೂಡಂಗಿಲ್ರಿ ಮೇಡಂ, ನಮ್ಮಪ್ಪನೂ ಹೂಡ್ಲಿಲ್ಲ, ನಮ್ಮಜ್ಜನೂ ಹೂಡ್ಲಿಲ್ಲ,” ಎಂದ. “ಮಷೀನ್ ಆದ್ರೇನಾತ್ರಿ, ದುಡಿಯೂದು ದುಡಿಯೂದಽ ಅಲ್ಲೇನ್ರಿ?”

ಇಂಚರಾಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಉಪ್ಪಿನ ಗ್ರಂಥಿಗಳನ್ನು ಎಲೆಯ ತುದಿಯಲ್ಲಿ ಗುಂಪುಗೂಡಿಸಿದವಳು ತಾನೇ. ನಸುಕಿನಲ್ಲಿ ಕತ್ತರಿಸಿದ ತುದಿ ಹಗಲಿನಲ್ಲಿ ಮಾಗಿ ಸಂಜೆಗೆ ಸಿದ್ಧವಾಗುತ್ತದೆ. ಸಂಜೆ ಕತ್ತರಿಸಿದರೆ ಬಾಯಿಯನ್ನೇ ಕತ್ತರಿಸಿದಂತೆ. ಗಾಯ ಮಾಗಿ, ಹೊಸ ತುದಿ ಉಪ್ಪು ಸೂಸಲು ಮರುದಿನದ ಸಂಜೆಯೇ ಬರಬೇಕು. ಆ ಒಂದು ರಾತ್ರಿ ಹುಲ್ಲು ಕುಡಿಯುವುದಿಲ್ಲ. ಅದು ಕುಡಿಯದ ರಾತ್ರಿ ನಿಂಬೆವ್ವನ ಅರಿವೆ ತೋಯುತ್ತದೆ.

ಆದರೂ ಅವಳು ಖಾತ್ರಿ ಮಾಡಿಕೊಳ್ಳದೆ ನಂಬುವವಳಲ್ಲ. ಮಂಗಳವಾರ ಸಂಜೆಯೂ ಒಮ್ಮೆ ಕತ್ತರಿಸು ಎಂದು ಮಾಬೂಸಾಬನಿಗೆ ಹೇಳಿದಳು. ಬುಧವಾರ ಬೆಳಿಗ್ಗೆ ಹೊಲಕ್ಕೆ ಹೋದಾಗ ನಿಂಬೆವ್ವ ಬಿಂದಿಗೆಯ ಮೇಲೆ ಅರಿವೆ ಹಿಂಡುತ್ತಿದ್ದಳು, ಅವಳ ಬೆರಳಸಂದಿಯಿಂದ ಹುಳಿ ಧಾರೆಯಾಗಿ ಇಳಿಯುತ್ತಿತ್ತು. ಇವತ್ತು ಬುಧವಾರ, ಬಸವಣ್ಣ ವಾರ ಮರೆತನೇನೋ ಎಂದು ನಿಂಬೆವ್ವ ನಗೆಯಾಡಿದಳು. ಅಂದುಕೊಂಡದ್ದು ನಿಜವಾದರೆ ವಿಜ್ಞಾನಿಗೆ ಸಂತೋಷವಾಗಬೇಕು ಎನ್ನುತ್ತಾರೆ. ಇಂಚರಾಳಿಗೆ ಆಗಲಿಲ್ಲ.

ಚೆಂಗಪ್ಪನವರಿಗೆ ಎಲ್ಲವನ್ನೂ ಹೇಳಿದಳು. ಅವರು ತಮ್ಮ ಅನುಭವದ ಮಾತು ಹೇಳಿದರು. ಈ ಮೈದಾನಕ್ಕೆ ಅನುಮತಿ ಕೇಳುವಾಗ ಹೊಳೆ, ಕೆರೆ, ಅಂತರ್ಜಲ, ಮಳೆನೀರು ಎಲ್ಲದರ ಲೆಕ್ಕ ಕೇಳಿದ್ದರು. ಇಬ್ಬನಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಮಳೆ ಅಳೆಯಲು ಪ್ರತಿ ಹೋಬಳಿಯಲ್ಲೂ ಮಾಪಕ ಇದೆ, ಇಬ್ಬನಿ ಅಳೆಯುವವರು ಇಡೀ ಜಿಲ್ಲೆಯಲ್ಲಿ ಇಲ್ಲ. ಅಳತೆಯೇ ಇಲ್ಲದ್ದು ಕಳೆದುಹೋಯಿತು ಎಂದು ಯಾರು ದೂರು ಕೊಡುತ್ತಾರೆ?

“ಅಲ್ಲಮ್ಮಾ, ಮುಂದಿನ ವಾರ ಆ ಮರಳುನಾಡಿನ ಗಾಲ್ಫ್ ಕಂಪನಿಯವರು ಬರ್ತಿದ್ದಾರೆ,” ಎಂದರು ಕೊನೆಗೆ. “ನಲವತ್ತು ಮೈದಾನಕ್ಕೆ ನಿನ್ನ ಹುಲ್ಲು ಕೇಳೋಕೆ. ನೀನು ಬಾಯಿ ಬಿಟ್ಟರೆ ಆ ಕಲ್ಲಿನ ಮಾತು ಸುಳ್ಳಾಗುತ್ತೆ. ಬಿಡದಿದ್ದರೆ ಯಾರಿಗೂ ಗೊತ್ತಾಗಲ್ಲ. ನಾನು ಹೀಗೇ ಮಾಡು ಅಂತ ಹೇಳೋದಿಲ್ಲ.”

ಆ ವಾರವೆಲ್ಲ ಇಂಚರಾ ಸರಿಯಾಗಿ ಊಟ ಮಾಡಲಿಲ್ಲ. ಬಚ್ಚಿಡುವ ಆಸೆ ಅವಳಿಗೆ ಬರಲಿಲ್ಲ ಎಂದು ಹೇಳಿದರೆ ಕತೆಗೆ ಚೆಂದ, ಆದರೆ ಅದು ನಿಜವಲ್ಲ. ನಿಂಬೆವ್ವನಿಗೆ ಹೇಗಾದರೂ ಪರಿಹಾರ ಕೊಡಿಸಿ, ಹುಲ್ಲನ್ನು ಮರಳುನಾಡಿಗೆ ಕಳಿಸಿ, ಆಮೇಲೆ ನಿಧಾನಕ್ಕೆ ಅದನ್ನು ತಿದ್ದಿದರಾಯಿತು ಎಂದು ಎಷ್ಟೋ ಸಲ ಲೆಕ್ಕ ಹಾಕಿದಳು. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆದರೆ ನಿಂಬೆವ್ವನ ಹೊಲದಲ್ಲಿ ಹೂವು ಉದುರುವುದು ಕಣ್ಣೆದುರೇ ನಡೆದಿತ್ತು. ಅದಕ್ಕಿಂತ ಹೆಚ್ಚಾಗಿ ಆ ಕಲ್ಲು. ಅದರ ಮುಂದೆ ಹಾದುಹೋಗಲು ಅವಳಿಗೆ ನಾಚಿಕೆಯಾಗತೊಡಗಿತ್ತು.

ಮರಳುನಾಡಿನ ತಂಡ ಭಾನುವಾರ ಬಂದಿಳಿಯಿತು. ಸೋಮವಾರ ಬೆಳಿಗ್ಗೆ ಇಂಚರಾ ಅವರನ್ನು ಮೈದಾನಕ್ಕೆ ಕರೆದೊಯ್ಯಲಿಲ್ಲ, ಕೆಳಗಿನ ಹೊಲಕ್ಕೆ ಇಳಿಸಿದಳು. ನಿಂಬೆವ್ವ ಅರಿವೆ ಹಿಂಡಿ, ಎಲ್ಲರ ಅಂಗೈ ಮೇಲೆ ಎರಡೆರಡು ಹನಿ ಹಾಕಿದಳು. ಅವರು ನೆಕ್ಕಿ, ಮುಖ ಹಿಂಡಿ, ಮತ್ತೆ ಕೇಳಿ ಹಾಕಿಸಿಕೊಂಡರು. ಮಂಗಳವಾರ ಬೆಳಿಗ್ಗೆ ಅದೇ ಹೊಲ, ಅದೇ ಅರಿವೆ. ನಿಂಬೆವ್ವ ಅದನ್ನು ಗಿಡದ ಮೇಲಿನಿಂದ ಎತ್ತಿ ಅವರ ಮುಂದೆ ಕೊಡವಿದಳು. ಒಂದು ಹನಿಯೂ ಬೀಳಲಿಲ್ಲ. ಹಿಂತಿರುಗಿ ನೋಡಿದರೆ ಮೇಲೆ ಮೈದಾನವೆಲ್ಲ ತೊಯ್ದು ಬಿಸಿಲಿಗೆ ಮಿನುಗುತ್ತಿತ್ತು. ಇಂಚರಾ ಏನೂ ಬಚ್ಚಿಡದೆ ಹೇಳಿದಳು. ನಡುವೆ ರೆಸಾರ್ಟಿನ ವ್ಯವಸ್ಥಾಪಕರು ಎರಡು ಸಲ ಕೆಮ್ಮಿದರು, ಮೂರನೆಯ ಸಲ ಎದ್ದು ಹೋದರು.

ತಂಡದ ಮುಖ್ಯಸ್ಥ ಕೊನೆಗೆ ಹೇಳಿದ್ದು ಸರಳವಾದ ಮಾತು. ತಮ್ಮಲ್ಲಿ ಇಂಥ ಹೊಲಗಳೇ ಇಲ್ಲ, ಮೈದಾನದ ಕೆಳಗೆ ಮರಳು ಬಿಟ್ಟರೆ ಏನೂ ಇಲ್ಲ, ಆದ್ದರಿಂದ ಚಿಂತೆಯಿಲ್ಲ. ಏನೂ ಇಲ್ಲವೆಂದು ನೋಡಿ ಹೇಳುತ್ತಿದ್ದೀರಾ ಎಂದು ಇಂಚರಾ ಕೇಳಿದಳು. ಮರಳಿನ ಮೇಲೆ ನಸುಕಿನಲ್ಲಿ ಏನೇನು ಬದುಕುತ್ತದೆ, ಏನು ಕುಡಿಯುತ್ತದೆ ಎಂದು ನೋಡಲು ಅವರು ಯಾರನ್ನೂ ಕಳಿಸಿರಲಿಲ್ಲ. ಒಂದು ಚಳಿಗಾಲ ನೋಡಿ ಆಮೇಲೆ ಮಾತಾಡೋಣ ಎಂದು ಹೇಳಿ ಹೋದರು. ಅವರು ಮತ್ತೆ ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಯರೇಹಾಳದಲ್ಲಿ ಮಾತ್ರ ಒಂದು ದಾರಿ ಸಿಕ್ಕಿತು. ಕಾಲುವೆಯ ನೀರಿಗೆ ರೈತರು ಪಾಳಿ ಹಚ್ಚುತ್ತಾರೆ: ಇಂದು ನಿನ್ನ ಹೊಲಕ್ಕೆ, ನಾಳೆ ನನ್ನದಕ್ಕೆ. ಇಬ್ಬನಿಗೂ ಹಾಗೆಯೇ ಪಾಳಿ ಹಚ್ಚಿದರು. ಕಡಲೆ ಹೂವು ಕಟ್ಟಿದಾಗಿನಿಂದ ಕಾಯಿ ಬಲಿಯುವ ತನಕ ಹುಲ್ಲನ್ನು ಸಂಜೆ ಕತ್ತರಿಸಬೇಕು. ಹುಲ್ಲು ಪೂರ್ತಿ ಸಾಯದಂತೆ ನಡುನಡುವೆ ಒಂದೊಂದು ರಾತ್ರಿ ಬಿಟ್ಟುಕೊಡಬೇಕು. ರೆಸಾರ್ಟಿನವರು ಒಪ್ಪಿದ್ದು ಪ್ರೀತಿಯಿಂದಲ್ಲ. ಇಂಚರಾ ಸುದ್ದಿಗಾರರಿಗೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆಯಿಂದ ಒಪ್ಪಿದರು.

ಮೈದಾನ ಹಳದಿಗೆ ತಿರುಗಿತು. ಚೆಂಗಪ್ಪನವರ ಲೆಕ್ಕವೆಲ್ಲ ತಲೆಕೆಳಗಾಯಿತು. ಹಸಿ ಹುಲ್ಲಿನ ಮೇಲೆ ಬಿದ್ದಲ್ಲೇ ನಿಲ್ಲುತ್ತಿದ್ದ ಚೆಂಡು ಒಣ ನೆಲದ ಮೇಲೆ ಪುಟಿದು ಪುಟಿದು ದೂರ ಓಡತೊಡಗಿತು. ಹೆದರಿಸಲೆಂದು ಮಾತ್ರ ತೋಡಿದ್ದ ಮರಳಿನ ಹೊಂಡಗಳಿಗೆ ಮೊದಲ ಬಾರಿಗೆ ಗಿರಾಕಿಗಳು ಬಂದರು. ಅತಿಥಿಗಳು ಸಿಟ್ಟಾಗುತ್ತಾರೆ ಎಂದು ವ್ಯವಸ್ಥಾಪಕರು ಎದೆ ಹಿಡಿದುಕೊಂಡಿದ್ದರು. ಆದದ್ದು ಬೇರೆ. ತಾವು ಹೊಡೆದ ಚೆಂಡು ಇಷ್ಟು ದೂರ ಹೋದದ್ದು ಹುಟ್ಟಿದ ಮೇಲೆ ಇದೇ ಮೊದಲು ಎಂದು ಪ್ರತಿಯೊಬ್ಬರೂ ತೋಳು ಮುಟ್ಟಿ ನೋಡಿಕೊಂಡರು. ಅದು ನೆಲದ ಗುಣ ಎಂದು ಅವರಿಗೆ ತಿಳಿಸಿ ಹೇಳುವ ಅಗತ್ಯ ಚೆಂಗಪ್ಪನವರಿಗೆ ಕಾಣಲಿಲ್ಲ. ಮುಂದಿನ ಚಳಿಗಾಲಕ್ಕೆ ಹೊಂಡಗಳನ್ನು ಎಲ್ಲಿಗೆ ಸರಿಸಬೇಕು ಎಂದು ಅವರು ಆಗಲೇ ಊರುಗೋಲಿನಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ್ದರು.

ಕರಿಕಲ್ಲನ್ನು ಇಂಚರಾ ಕೀಳಿಸಿದಳು. ಎಸೆಯುವುದು ಬೇಡವೆಂದು ನಿಂಬೆವ್ವ ಅದನ್ನು ತನ್ನ ಹೊಲಕ್ಕೆ ತರಿಸಿ, ಅಕ್ಷರ ಕೆಳಗೆ ಮಾಡಿ, ಬದುವಿನ ಹತ್ತಿರ ಹಾಕಿಸಿಕೊಂಡಳು. ಅರಿವೆ ಹಿಂಡುವಾಗ ಅದರ ಮೇಲೆ ಬಿಂದಿಗೆ ಇಡಲು ಅನುಕೂಲವಾಯಿತು.

ಕಡಲೆ ಕೀಳುವ ಹೊತ್ತಿಗೆ ಇಂಚರಾ ಒಮ್ಮೆ ಹೊಲಕ್ಕೆ ಹೋಗಿ ಆ ಕಲ್ಲಿನ ಮೇಲೆ ಕೂತಳು. ಬೆಳೆ ಪೂರ್ತಿ ಬಂದಿರಲಿಲ್ಲ, ಪೂರ್ತಿ ಹೋಗಿಯೂ ಇರಲಿಲ್ಲ. ನಿಂಬೆವ್ವ ಹಸಿಗಡಲೆ ಗಿಡಗಳ ಸಣ್ಣ ಕಟ್ಟನ್ನು, ಒಂದು ಸಿವುಡನ್ನು, ಅವಳ ಕೈಗೆ ಕೊಟ್ಟಳು. ತಪ್ಪಾಯಿತು ಅಕ್ಕಾ ಎಂದಳು ಇಂಚರಾ, ಅಷ್ಟು ದಿನ ಬಾಯಿಗೆ ಬಂದು ನಿಂತಿದ್ದ ಮಾತನ್ನು. ನಿಂಬೆವ್ವ ಒಂದು ಕಾಯಿ ಬಿಡಿಸಿ ಕಾಳನ್ನು ಬಾಯಿಗೆ ಹಾಕಿಕೊಂಡಳು.

“ನಿನ್ನ ಹುಲ್ಲು ಸಿಕ್ಕಿಬಿತ್ತು ಬಿಡವ್ವಾ,” ಎಂದಳು ಆಮೇಲೆ. “ಮಾಬೂಸಾಬ ಸೋಮವಾರ ಬಿಟ್ಟಿದ್ದಕ್ಕ ಸಿಕ್ಕಿಬಿತ್ತು. ಒಂದಿನ ನಿಂತಿದ್ದಕ್ಕ ಉಳಿದ ದಿನ ಏನ್ ಮಾಡ್ತಿತ್ತು ಅಂತ ತಿಳೀತು. ಅದೂ ದಿನಾ ಕುಡದಿದ್ರ ಇಬ್ಬನಿ ಬೀಳೂದಽ ನಿಂತೈತಿ ಅಂತ ನಾ ಸುಮ್ಮನಿರ್ತಿದ್ದೆ. ಹಿಂಗ ಸೋಮವಾರ ಇಲ್ಲದಽ ದಿನಾ ಕುಡಿಯೂವು ಎಷ್ಟ್ ಅದಾವೋ ಏನೋ.”

ಇಂಚರಾ ಅಂದು ಸಂಜೆ ಗದಗಿನ ಮನೆಗೆ ಹೋದಳು. ಕೈಯಲ್ಲಿ ಕಡಲೆ ಸಿವುಡು ಹಿಡಿದು ಅಂಗಳದಲ್ಲಿ ಕೂತಾಗ, ಹುಟ್ಟಿದಾಗಿನಿಂದ ಕೇಳಿಯೂ ಕೇಳದಂತಿದ್ದ ಸದ್ದುಗಳು ಒಂದೊಂದಾಗಿ ಕಿವಿಗೆ ಬಿದ್ದವು. ಓಣಿಯ ತುದಿಯಲ್ಲಿ ಕೊಳವೆಬಾವಿಯ ಪಂಪು. ಗೋಡೆಯಾಚೆ ಅಡುಗೆಮನೆಯಲ್ಲಿ ಫ್ರಿಜ್ಜು. ಮಹಡಿಯ ಮೇಲೆ ಮೊಬೈಲ್ ಗೋಪುರ. ರಸ್ತೆಯಲ್ಲಿ ಲಾರಿಗಳು. ಬೀದಿದೀಪದ ಬೆಳಕು ಮರದ ಮೇಲೆ ಬಿದ್ದು ಹಕ್ಕಿಗಳು ಮಲಗಿರಲಿಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ, ಈ ಶತಮಾನದ ಇಪ್ಪತ್ತರ ದಶಕದಲ್ಲೇ, ಇವೆಲ್ಲ ಇದ್ದವು. ಅಂದಿನಿಂದ ಇಂದಿನವರೆಗೆ ಊರೆಲ್ಲ ಸೇರಿ ಅವಕ್ಕೆ ಒಂದು ಸೋಮವಾರದ ರಜೆಯನ್ನೂ ಕೊಟ್ಟದ್ದಿಲ್ಲ.

ಅವು ಯಾರ ಪಾಲಿನದನ್ನು ತೆಗೆದುಕೊಳ್ಳುತ್ತಿವೆ ಎಂದು ಕೇಳಬೇಕಾದರೆ, ಎಲ್ಲೋ ಒಬ್ಬರ ಕೈಯಲ್ಲಿ ಒಣಗಿದ ಅರಿವೆ ಇರಬೇಕು, ಅದು ಹಿಂದೆ ತೋಯುತ್ತಿತ್ತು ಎಂಬ ನೆನಪೂ ಇರಬೇಕು. ಇಂಚರಾ ಎದ್ದು ಒಳಗೆ ಹೋಗಿ, ಅವುಗಳಲ್ಲಿ ತನ್ನ ಕೈಗೆ ಎಟುಕುವ ಫ್ರಿಜ್ಜನ್ನು ಆರಿಸಿದಳು. ಮನೆ ಒಮ್ಮೆಲೇ ಸುಮ್ಮನಾಯಿತು. ಅಷ್ಟರಲ್ಲೇ ಹಿತ್ತಿಲ ಕಡೆಯಿಂದ, ಇಲ್ಲಿತನಕ ಕೇಳಿಸದಿದ್ದ ಯಾವುದೋ ಹುಳುವಿನ ಸದ್ದು ಕೇಳತೊಡಗಿತು. ಅದು ದಿನಾಲೂ ಅಲ್ಲೇ ಕೂಗುತ್ತಿತ್ತೋ, ಇವತ್ತೇ ಬಂದಿತ್ತೋ, ಅವಳಿಗೆ ಗೊತ್ತಾಗಲಿಲ್ಲ.